ಬಾಗಿಲಿಲ್ಲದ ಮನೆಯ ನಾಟಕ

ನಾಟಕ ಕಂಪನಿಯಲ್ಲಿ ಪ್ರಾಂಪ್ಟರನ ದನಿ ಪ್ರೇಕ್ಷಕರಿಗೆ ಕೇಳಿಸಿತು ಅಂದರೆ ಅವತ್ತು ಇಬ್ಬರ ಮರ್ಯಾದೆ ಹೋಯಿತು ಅಂತಲೇ ಅರ್ಥ. ಮಾತು ಮರೆತ ನಟನದು ಒಂದು, ಅದನ್ನು ಸರಿಯಾಗಿ ದಾಟಿಸಲು ಬಾರದ ಪ್ರಾಂಪ್ಟರನದು ಇನ್ನೊಂದು. ರಂಗದ ಪಕ್ಕದ ವಿಂಗಿನ ಮರೆಯಲ್ಲಿ ನಾಟಕದ ಪ್ರತಿ ಹಿಡಿದು ನಿಂತು, ನಟರು ತಡವರಿಸಿದರೆ ಮುಂದಿನ ಮಾತಿನ ಮೊದಲೆರಡು ಶಬ್ದಗಳನ್ನು ಉಸಿರಿನಲ್ಲೇ ಅವರ ಕಿವಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಕಂಪನಿ ಮುಚ್ಚಿದ ಮೇಲೆ ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಕೂತು, ಗಿರಾಕಿಗಳು ಬಿಚ್ಚಿ ನೋಡಿ ಬೇಡವೆಂದು ಬಿಟ್ಟುಹೋದ ಸೀರೆಗಳನ್ನು ಮತ್ತೆ ಮಡಿಚಿಡುತ್ತಿದ್ದೆ. ಬೇರೆಯವರ ಗೋಜಲನ್ನು ಸದ್ದಿಲ್ಲದೆ ಸರಿಮಾಡುವ ಕೆಲಸವಾದ್ದರಿಂದ ಅದು ನನಗೆ ಹೊಸದೇನೂ ಅನ್ನಿಸಿರಲಿಲ್ಲ.

ಅಂಗಡಿಯಲ್ಲಿದ್ದಾಗಲೇ ಬಾಗಲಕೋಟೆಯ ಕಾಲೇಜಿನ ಉಪನ್ಯಾಸಕಿಯೊಬ್ಬರ ಫೋನು ಬಂತು.

"ಸರ್, ಒಂದು ನಾಟಕದ ವಾಚನ ಇಟ್ಕೊಂಡೇವ್ರಿ, ನಾಲ್ಕ ಊರಾಗ. ಸೆಟ್ಟಿಲ್ಲ, ಬಣ್ಣ ಇಲ್ಲ. ಎರಡ ಕುರ್ಚಿ. ನೀವು ಪ್ರಾಂಪ್ಟಿಂಗಿಗೆ ಬರ್ಬೇಕು."

"ಓದೂದು ಅಂದಮ್ಯಾಲ ಪ್ರಾಂಪ್ಟರ್ ಯಾಕ್ರಿ ಮೇಡಂ? ಎಲ್ಲಾರ ಕೈಯಾಗೂ ಪುಸ್ತಕ ಇರ್ತೈತೆಲ್ಲ."

"ಬಾಯಾರು ಪುಸ್ತಕ ಹಿಡಿಯೂದಿಲ್ಲ ಅಂದಾರ್ರಿ. ಮಾಸ್ತರ್ನ ಕರಸ್ರಿ, ಅವರು ಓದಿದ್ರಷ್ಟ ನನಗ ಪಾಠ ಹತ್ತತೈತಿ ಅಂದ್ರು."

ಬಾಯಾರು ಅಂದರೆ ನಮ್ಮ ಕಂಪನಿಯ ಮುಖ್ಯ ನಟಿ. ಅವರಿಗೆ ಓದಲು ಬರುತ್ತದೆ, ಆದರೆ ಒಂದು ಪಾರ್ಟನ್ನೂ ಅವರು ಕಾಗದ ನೋಡಿ ಕಲಿತವರಲ್ಲ. ತಾಲೀಮಿನಲ್ಲಿ ನಾನು ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಅದು ನಮ್ಮಿಬ್ಬರ ಪದ್ಧತಿ. ಅವರು ಕರೆದರೆಂದ ಮೇಲೆ ನಾನು ಒಲ್ಲೆ ಅನ್ನಲಾರೆ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿದೆ. ಕಿಟಕಿಗೆ ತಲೆ ಕೊಟ್ಟು ಕೂತರೂ ನಿದ್ದೆ ಬರಲಿಲ್ಲ. ಈ ವಯಸ್ಸಿಗೆ ಬಸ್ಸಿನ ಕುಲುಕಾಟ ಸೊಂಟಕ್ಕೇ ಬಂದು ಬಡಿಯುತ್ತದೆ.

ತಾಲೀಮು ನಡೆಯುತ್ತಿದ್ದದ್ದು ಬಾಗಲಕೋಟೆಯ ನವನಗರದಲ್ಲಿ, ಬಾಯಾರ ಮಗಳ ಮನೆಯಲ್ಲಿ. ಮಗಳು ಆಸ್ಪತ್ರೆಯೊಂದರಲ್ಲಿ ನರ್ಸು. ಚಹಾ ತಂದುಕೊಡುವ ನೆವದಲ್ಲಿ ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದಳು.

"ಕಾಕಾ, ನಿಮಗ ಗೊತ್ತಿರ್ಲಿ. ಅವ್ವಗ ಮರವಿನ ಜಡ್ಡು ಸುರುವಾಗೈತಿ. ದೊಡ್ಡ ದವಾಖಾನಿಗಿ ತೋರಿಸೇವಿ, ಕಡಿಮಿ ಆಗೂದಲ್ಲಂತ. ಇನ್ನ ಸ್ಟೇಜು ಬ್ಯಾಡ ಅಂದೆ. ಅಕಿ ಕೇಳವಲ್ಲಳು. ಕಡೀ ಶೋ ಬಾಗಲಕೋಟ್ಯಾಗ ಐತಿ, ನಮ್ಮ ಹಳೇ ಊರಿನ ಮಂದಿ ಮುಂದ ಒಂದ ಸಲ ಪೂರಾ ನಾಟಕ ಮಾಡ್ತೇನಿ, ಆಮ್ಯಾಲ ನೀ ಹೇಳಿದಂಗ ಮನ್ಯಾಗ ಕುಂದರ್ತೇನಿ ಅಂತಾಳ. ನಡುವ ನಿಂತು ನಾಲ್ಕ ಮಂದಿ ಕೈಯಾಗ ನಗಿಸ್ಕೊಂಡ್ರ ಅದನ್ನ ಅಕಿ ತಡಕೊಳ್ಳೂದಿಲ್ರಿ."

ಚಹಾ ಆರಿ ಕೆನೆಗಟ್ಟಿತು. ಈ ಕೆಲಸಕ್ಕೆ ಯಾಕಾದರೂ ಬಂದೆನೋ ಅನ್ನಿಸಿದ್ದು ನಿಜ. ಬಾಯಾರು ಒಳಗಿನಿಂದ "ಮಾಸ್ತರ, ಪ್ರತಿ ತಗೀರಿ" ಅಂದರು. ಹೋಗಿ ಕೂತೆ.

ನಾಟಕದ ಮೂಲ ಯಾವುದೋ ದೂರದೇಶದ್ದು, ಅಲ್ಲಿಯ ಯುದ್ಧದ ದಿನಗಳದ್ದು. ಚಳಿಗೆ ಊರವರು ಬಾಗಿಲುಗಳನ್ನೆಲ್ಲ ಕಿತ್ತು ಉರಿಸಿದ್ದಾರೆ. ಅಂಥ ಒಂದು ಮನೆಯಲ್ಲಿ ತಾಯಿ ಕೂತಿದ್ದಾಳೆ. ಕರೆದೊಯ್ಯಲು ಮಗ ಬಂದಿದ್ದಾನೆ. ಮೇಡಂ ಅದನ್ನು ಹಳೆಯ ಬಾಗಲಕೋಟೆಗೆ ತಂದಿದ್ದರು. ಊರು ಅಣೆಕಟ್ಟಿನ ಮುಳುಗಡೆಗೆ ಸೇರಿದಾಗ ಜನ ತಮ್ಮ ಮನೆಗಳ ಬಾಗಿಲು, ಚೌಕಟ್ಟು, ತೊಲೆಗಳನ್ನೆಲ್ಲ ಬಿಚ್ಚಿ ಹೊಸ ಮನೆಗೆ ಹೇರಿಕೊಂಡು ಹೋದರಲ್ಲ, ಹಾಗೆ ಬಾಗಿಲು ಕಿತ್ತ ಮನೆ. ತಾಯಿ ಎದ್ದು ಬರುವುದಿಲ್ಲ. "ಗಾಳಿ ಬರ್ತೈತಿ, ಬಾಗಲಾ ಹಾಕು" ಅನ್ನುತ್ತಾಳೆ. ಮಗ, ಇಲ್ಲದ ಬಾಗಿಲನ್ನು ಹಾಕಿದಂತೆ ಮಾಡುತ್ತಾನೆ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಮಾತು. ಕಥೆ ಇಷ್ಟೇ. ನಡುವೆ ಎಲ್ಲಿ ನೋಡಿದರೂ 'ಮೌನ', 'ದೀರ್ಘ ಮೌನ' ಅಂತ ಬರೆದಿತ್ತು.

ಕಂಪನಿ ಪದ್ಧತಿಯಂತೆ ನಾನು ಸಪಾಟಾಗಿ, ಭಾವ ಹಾಕದೆ ಓದಿದೆ. ಪ್ರಾಂಪ್ಟರ್ ಭಾವ ಹಾಕಿ ಓದಿದರೆ ಅವನ ಧಾಟಿ ನಟರ ಬಾಯಿಗೆ ಅಂಟಿಕೊಂಡುಬಿಡುತ್ತದೆ. ಬರೆದದ್ದನ್ನೆಲ್ಲ ಓದಬೇಕಾದ್ದರಿಂದ 'ಮೌನ'ವನ್ನೂ ಓದಿದೆ. ಬಾಯಾರು ಕಣ್ಣು ತೆರೆದರು.

"ಏನ್ರಿ ಮಾಸ್ತರ, ಮೌನ ಮೌನ ಅಂತ? ಪೇಟಿ ಬಾರಸೂದು ಯಾವಾಗ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮಲ್ಲಿ ನಟ ಮಾತು ನಿಲ್ಲಿಸಿದರೆ ಪೇಟಿ ಮಾಸ್ತರ ಕೂಡಲೇ ಹಾರ್ಮೋನಿಯಂ ಎತ್ತಿ ಆ ಸಂದನ್ನು ಮುಚ್ಚುತ್ತಿದ್ದರು. ರಂಗದ ಮೇಲೆ ಸುಮ್ಮನಿರುವುದು ಅಂದರೆ ನಮಗೆ ಅಪಘಾತ. ಮೇಡಂ ಚಾಪೆಯ ಮೇಲೆ ಕೂತು ಬೇಸರವಿಲ್ಲದೆ ತಿಳಿಸಿದರು.

"ಪೇಟಿ ಇಲ್ರಿ ಬಾಯಾರ. ಅಲ್ಲಿ ನೀವು ಸುಮ್ಮನ ಇರೂದ ಮಾತು. ಮಗಾ ಹೇಳಿದ್ದು ನಿಮಗ ಕೇಳೇತಿ, ಆದರ ಉತ್ತರ ಕೊಡೂ ಮನಸಿಲ್ಲ."

"ಎಷ್ಟೊತ್ತು ಸುಮ್ಮನ ಇರ್ಬೇಕು?"

"ಮನಸ್ಸು ಆಗೂತನ."

"ಮನಸಾಗ್ಲಿಲ್ಲಂದ್ರ?" ಅಂದು ಬಾಯಾರು ನನ್ನ ಕಡೆ ನೋಡಿ ನಕ್ಕರು. ಮೇಡಂ ಕೂಡ ನಕ್ಕರು.

ಮಗನ ಪಾತ್ರ ಓದುವವರು ಬ್ಯಾಂಕಿನ ಕ್ಯಾಶಿಯರ್. ಹವ್ಯಾಸಿ ನಟ, ಮೆತ್ತನ್ನ ಮನುಷ್ಯ, ಪ್ರತಿಯಿಂದ ಕಣ್ಣೆತ್ತದೆ ಓದುತ್ತಿದ್ದರು. ತಾಲೀಮು ಮುಂದೆ ಸಾಗಿದಂತೆ ನನಗೆ ದಣಿವು ಹತ್ತತೊಡಗಿತು. ಒಂದೇ ಪುಟವನ್ನು ಬೆಳಿಗ್ಗೆ ಓದಿ, ಉಂಡೆದ್ದು ಓದಿ, ಮತ್ತೆ ಸಂಜೆ ಓದಬೇಕು. ಕಂಪನಿಯಲ್ಲಿದ್ದಾಗ ಬಾಯಾರು ಎರಡನೆಯ ಓದಿಗೇ ಒಪ್ಪಿಸುತ್ತಿದ್ದವರು. ಈಗ ನಿನ್ನೆ ಗಟ್ಟಿಯಾದದ್ದು ಇವತ್ತು ಇರುತ್ತಿರಲಿಲ್ಲ. ಕೆಲವೊಮ್ಮೆ ಇಡೀ ದೃಶ್ಯವನ್ನು ಸರಾಗವಾಗಿ ಹೇಳಿಬಿಟ್ಟು ನನಗೆ ಆಸೆ ಹುಟ್ಟಿಸುತ್ತಿದ್ದರು. ಆ ನಾಟಕವನ್ನು ಓದಿ ಓದಿ ನನಗೆ ನಡುವೆ ಊರಿಗೆ ಹೋದಾಗ ಮನೆಯಲ್ಲೂ ಗಾಳಿ ಬಂದರೆ 'ಬಾಗಲಾ ಹಾಕು' ಅನ್ನುವ ಸಾಲೇ ಬಾಯಿಗೆ ಬರುತ್ತಿತ್ತು. ನನ್ನ ಹೆಂಡತಿ ಮುಖ ನೋಡಿ, "ಬಾಗಲಾ ಹಾಕೇ ಐತಿ" ಅನ್ನುತ್ತಿದ್ದಳು.

ಇಲ್ಲಿ ನನ್ನ ಕಸುಬಿನ ಕಷ್ಟವನ್ನು ಸ್ವಲ್ಪ ಹೇಳಬೇಕು. ನಟ ಬೇಕೆಂದೇ ನಿಂತಿದ್ದಾನೋ, ಮರೆತು ನಿಂತಿದ್ದಾನೋ ಅನ್ನುವುದನ್ನು ನಾವು ಮುಖ ನೋಡಿ ತಿಳಿಯುವುದಿಲ್ಲ, ಮುಖಕ್ಕೆ ಸುಳ್ಳು ಹೇಳಿ ರೂಢಿ ಇರುತ್ತದೆ. ಪಾದ ನೋಡಬೇಕು. ಮಾತು ಗೊತ್ತಿದ್ದವನ ಭಾರ ಮುಂಗಾಲಿನ ಮೇಲಿರುತ್ತದೆ, ಮರೆತವನದು ಹಿಮ್ಮಡಿಗೆ ಸರಿಯುತ್ತದೆ. ಈ ನಾಟಕದಲ್ಲಿ ತಾಯಿ ಮೊದಲಿನಿಂದ ಕೊನೆಯವರೆಗೆ ಕುರ್ಚಿಯಲ್ಲಿ ಕೂತಿರುತ್ತಾಳೆ. ಪಾದ ನನಗೆ ಏನನ್ನೂ ಹೇಳುತ್ತಿರಲಿಲ್ಲ.

ಮೊದಲ ವಾಚನ ಹುನಗುಂದದಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ. ವಿಂಗು ಇರಲಿಲ್ಲ, ಪಕ್ಕದ ಕೋಣೆಯ ಪರದೆಯ ಹಿಂದೆ ನಿಂತೆ. ಅರ್ಧ ನಾಟಕ ಚೆನ್ನಾಗಿಯೇ ಹೋಯಿತು. ಆಮೇಲೆ ಬಾಯಾರು ಮಾತು ನಿಲ್ಲಿಸಿದರು. ಪ್ರತಿಯಲ್ಲಿ 'ದೀರ್ಘ ಮೌನ' ಅಂತಿತ್ತು. ಕಾದೆ. ಮಗಳು ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಅವರ ಎದೆ ಏರಲಿಲ್ಲ, ಬಾಯಿ ಅಲುಗಲಿಲ್ಲ. ತಡೆಯಲಾರದೆ ಮುಂದಿನ ಮಾತು ಕೊಟ್ಟೆ. ಆ ಸಭಾಂಗಣದಲ್ಲಿ ಅಷ್ಟೊಂದು ಹೊತ್ತು ಯಾರೂ ಮಾತಾಡಿರಲಿಲ್ಲವಾದ್ದರಿಂದ ನನ್ನ ಪಿಸುದನಿ ಹಿಂದಿನ ಸಾಲಿನವರೆಗೂ ಹೋಯಿತು. ಯಾರೋ ಕಿಸಕ್ಕೆಂದರು. ಬಾಯಾರು ನಾಟಕ ಮುಗಿಸಿ ಒಳಗೆ ಬಂದು ನೀರು ಕೂಡ ಕುಡಿಯದೆ ಕೇಳಿದರು.

"ನನಗ ಗೊತ್ತಿತ್ರಿ ಮಾಸ್ತರ. ನಾ ಸುಮ್ಮನ ಇದ್ದೆ. ಆ ಮೇಡಮ್ಮ ಸುಮ್ಮನ ಇರು ಅಂದಿದ್ದಕ್ಕ ಸುಮ್ಮನ ಇದ್ದೆ. ನೀವ್ಯಾಕ ನನ್ನ ಮಾನ ಕಳದ್ರಿ?"

ಇಷ್ಟು ವರ್ಷ ಕಂಪನಿಯಲ್ಲಿ ನಿಂತು ನಾನು ಕಲಿತದ್ದು ಒಂದೇ, ಸಂದು ಕಂಡರೆ ತುಂಬುವುದು.

ಎರಡನೆಯದು ಇಳಕಲ್ಲಿನಲ್ಲಿ. ನನ್ನ ಊರು, ಅಂಗಡಿಯವರೂ ಬಂದಿದ್ದರು. ಈ ಸಲ ಏನಾದರೂ ಆಗಲಿ ಬಾಯಿ ತೆರೆಯಬಾರದೆಂದು ಗಟ್ಟಿ ಮಾಡಿಕೊಂಡೆ. ಬಾಯಾರು ಅದೇ ಜಾಗದಲ್ಲಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಬಹಳ ಹೊತ್ತಾಯಿತು. ಕ್ಯಾಶಿಯರ್ ಪ್ರತಿಯಿಂದ ತಲೆಯೆತ್ತಿ ಪರದೆಯ ಕಡೆ ನೋಡಿದರು. ಆಗ ಬಾಯಾರ ಹೆಬ್ಬೆರಳು ಉಂಗುರದ ಬೆರಳನ್ನು ಉಜ್ಜುತ್ತಿರುವುದು ಕಂಡಿತು. ಏನನ್ನೋ ಹುಡುಕುವವರ ಬೆರಳು ಹಾಗೆ ಆಡುತ್ತದೆ. ನಾನು ಮಾತು ಕೊಡುವಷ್ಟರಲ್ಲಿ ಕ್ಯಾಶಿಯರ್ ಗಾಬರಿಯಾಗಿ ಪುಟ ತಿರುವಿ ಮುಂದಿನ ದೃಶ್ಯಕ್ಕೆ ಜಿಗಿದುಬಿಟ್ಟರು. ತಾಯಿ ತನ್ನ ಗಂಡನ ಸಾವನ್ನು ಹೇಳುವ ಭಾಗ, ಬಾಯಾರಿಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಪೂರ್ತಿ ಹೋಯಿತು. ನಾಟಕ ಮುಗಿದ ಮೇಲೆ ನಮ್ಮ ಅಂಗಡಿಯ ಮಾಲೀಕರು ಬಂದು ಕೈಹಿಡಿದು, "ಏನ್ ಮೌನಾರಿ ಅದು. ಮೈ ಜುಂ ಅಂತು" ಅಂದರು. ನಾನು ಸೀರೆ ಮಡಿಚುವವನ ಹಾಗೆ ತಲೆ ಬಗ್ಗಿಸಿ ನಿಂತೆ.

ಅವತ್ತು ಮೇಡಂ ನನ್ನನ್ನು ಬದಿಗೆ ಕರೆದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ.

"ಸರ್, ಬಾಯಾರ ಜಡ್ಡು ನನಗ ಗೊತ್ತೈತಿ. ಎರಡನೇ ದಿನದ ತಾಲೀಮಿನಾಗ ತಿಳೀತು. ನಮ್ಮ ಅಜ್ಜಿಗೂ ಹಂಗ ಆಗಿತ್ತು."

"ಹಂಗಾರ ಯಾಕ ಬಿಡ್ಲಿಲ್ರಿ ಮೇಡಂ ಅವರನ್ನ?"

"ಅವರು ಬ್ಯಾಡ ಅನ್ನೂಮಟ ನಾ ಹೆಂಗ ಬ್ಯಾಡ ಅನ್ಲಿ?"

ಇಬ್ಬರೂ ಸೇರಿ ಉಪಾಯ ಹುಡುಕಿದೆವು. ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಪ್ರತಿಯನ್ನು ಬಾಯಾರ ಕೈಗೆ ಕೊಟ್ಟು ನೋಡಿದೆವು. ಅವರು ಒಂದೇ ಸಾಲನ್ನು ಓದಿ, ಮತ್ತೆ ಓದಿ, ಮೂರನೆಯ ಸಲವೂ ಅದನ್ನೇ ಓದಿ, ಕಾಗದವನ್ನು ಮಡಿಲಲ್ಲಿಟ್ಟು ಕಿಟಕಿಯ ಆಚೆ ನೋಡುತ್ತ ಕೂತರು. ಆಮೇಲೆ ಒಂದು ಸನ್ನೆ ಗೊತ್ತು ಮಾಡಿದೆವು. ಮರೆತರೆ ಬಾಯಾರು ಸೆರಗಿನ ತುದಿ ಎಳೆದುಕೊಳ್ಳಬೇಕು. ಎಳೆದರೆ ಮಾತ್ರ ನಾನು ಮಾತು ಕೊಡಬೇಕು. ತಾಲೀಮಿನಲ್ಲಿ ಅದು ಸರಿಹೋಯಿತು. ಬಾದಾಮಿಯಲ್ಲಿ ಅವರು ಸನ್ನೆಯನ್ನೇ ಮರೆತರು. ನಾನು ಪರದೆಯ ಸಂದಿನಿಂದ ಅವರ ಸೆರಗನ್ನೇ ನೋಡುತ್ತ ನಿಂತೆ, ಅದು ಅಲುಗಲಿಲ್ಲ. ಕೊನೆಗೆ ಬಾಯಾರು ನಾಟಕದ ಮೊದಲ ಸಾಲಿಗೆ ಹೋಗಿಬಿಟ್ಟರು. ಕ್ಯಾಶಿಯರ್ ಹೇಗೋ ಎಳೆದು ದಡ ಮುಟ್ಟಿಸಿದರು. ಮಗಳು ಆವತ್ತು ಬಂದಿದ್ದಳು. ಮುಂದಿನ ಸಾಲಿನಿಂದ ಎದ್ದುಬಂದವಳ ಕಣ್ಣು ಕೆಂಪಗಿತ್ತು.

"ಸಾಕ್ರಿ ಕಾಕಾ. ಬಾಗಲಕೋಟಿದು ಬ್ಯಾಡ. ಅಲ್ಲಿ ಅಕಿ ಕೂಡ ಆಡಿ ಬೆಳದೋರು ಕುಂತಿರ್ತಾರ."

ಅವಳು ಹೇಳಿದ್ದು ಸರಿಯೇ ಇತ್ತು. ನನಗೂ ಸಾಕಾಗಿತ್ತು. ಇಳಕಲ್ಲಿಗೆ ಹೋಗಿ, ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿ ಕೂತರೆ ಸಾಕು ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಾಯಾರು ಬಾದಾಮಿಯ ಕೆರೆ ನೋಡಬೇಕು ಅಂದರು. ಕೆರೆಯ ಮೆಟ್ಟಿಲ ಮೇಲೆ ಕೂತೆವು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಾಯಾರ ಕೈಯಲ್ಲಿದ್ದ ಬಾಳೆಹಣ್ಣನ್ನು ಒಂದು ಮಂಗ ಬಂದು ಕಸಿದುಕೊಂಡು, ಓಡಿಹೋಗದೆ ಅಲ್ಲೇ ಎದುರಿಗೆ ಕೂತು ಸುಲಿದು ತಿಂದಿತು.

"ನೋಡ್ರಿ ಮಾಸ್ತರ, ಇದರಂಗ ಆಗೇತಿ ನನ್ನ ಬಾಳೇವು. ಕಣ್ಣ ಮುಂದ ಕುಂತು ತಿನ್ನಾಕತ್ತೈತಿ, ಕಸಗೊಳ್ಳಾಕ ಆಗವಲ್ದು."

ಅವರು ತಮ್ಮ ಕಾಯಿಲೆಯ ಮಾತನ್ನು ನನ್ನೆದುರು ಆಡಿದ್ದು ಅದೇ ಮೊದಲು. ನಾಟಕ ಶುರುವಾದಾಗಿನಿಂದ ತಲೆಯಲ್ಲಿ ಬಂದು ಬಂದು ನಾನೇ ಒತ್ತಿಹಿಡಿದಿದ್ದ ಮಾತನ್ನು ಹೇಳಿದೆ.

"ಬಾಯಾರ, ಬಾಗಲಕೋಟ್ಯಾಗ ನಾ ಒಳಗ ನಿಂದರೂದಿಲ್ರಿ. ನಿಮ್ಮ ಬಾಜೂಕ ಕುಂದರ್ತೇನಿ, ಎಲ್ಲಾರಿಗೂ ಕಾಣೂಹಂಗ. ಮಾತು ನಾ ಓದ್ತೇನಿ, ನೀವು ಆಡ್ರಿ. ತಾಲೀಮಿನಾಗ ಹೆಂಗೋ ಹಂಗ."

ಬಾಯಾರು ತಿರುಗಿ ನೋಡಿದ ನೋಟವನ್ನು ನಾನು ಮರೆಯಲಾರೆ. ಹೊಡೆದುಬಿಡುತ್ತಾರೆ ಅನ್ನಿಸಿತು.

"ಪ್ರಾಂಪ್ಟರ್ನ ಬಾಜೂಕ ಕುಂದ್ರಿಸ್ಕೊಂಡು ಪಾರ್ಟು ಮಾಡ್ಲೇನು ನಾನು? ಕಂಪನ್ಯಾಗ ಯಾರಾರ ಮಾಡ್ಯಾರ?"

"ಯಾರೂ ಮಾಡಿಲ್ಲ."

"ನಿಮಗೂ ನಾಚಿಕಿ, ನನಗೂ ನಾಚಿಕಿ."

"ಹೌದ್ರಿ."

ಮಂಗ ಸಿಪ್ಪೆ ಬಿಟ್ಟು ಹೋಯಿತು. ಬಾಯಾರು ಆ ಸಿಪ್ಪೆಯನ್ನು ಎತ್ತಿ ಬದಿಗಿಟ್ಟರು. ನೀರಿನ ಕಡೆ ನೋಡುತ್ತ ಬಹಳ ಹೊತ್ತು ಕೂತರು. ನಾನು ಮಾತು ಕೊಡಲಿಲ್ಲ.

"ಹಂಗಾರ ಇಬ್ಬರೂ ಕೂಡೇ ನಾಚ್ಕೊಳ್ಳೂಣು, ನಡೀರಿ" ಅಂದರು.

ಮೇಡಂ ಒಂದು ಗಳಿಗೆ ಯೋಚಿಸಿ ಒಪ್ಪಿದರು. ನಾನು ಎಣಿಸದ ಎರಡು ಸಂಗತಿಗಳನ್ನು ಅವರೇ ಹೇಳಿದರು. ನಾನು ಯಾರು, ಯಾಕೆ ಕೂತಿದ್ದೇನೆ ಅಂತ ಜನರಿಗೆ ಮೊದಲೇ ಸಾರುವುದು ಬೇಡ, ನೋಡುತ್ತ ಅವರೇ ತಿಳಿಯುತ್ತಾರೆ. ಕ್ಯಾಶಿಯರ್ ನನ್ನ ಓದಿಗೆ ಕಾಯಬಾರದು, ನನ್ನನ್ನು ನೋಡಲೂಬಾರದು. ಮಗನಿಗೆ ಕಾಣುವವಳು ತಾಯಿ ಒಬ್ಬಳೇ. ಮಗಳನ್ನು ಒಪ್ಪಿಸಿದ್ದು ಬಾಯಾರೇ. ಏನು ಹೇಳಿದರೋ ನನಗೆ ಗೊತ್ತಿಲ್ಲ. ಮಗಳು ಮಾತ್ರ ಫೋನಿನಲ್ಲಿ, "ಕಾಕಾ, ಅಕಿ ಕೈ ಬಿಡಬ್ಯಾಡ್ರಿ" ಅಂತಷ್ಟೇ ಅಂದಳು.

ಬಾಗಲಕೋಟೆಯ ಸಭಾಭವನ ತುಂಬಿತ್ತು. ಹಳೆಯ ಊರಿನಲ್ಲಿ ಒಂದೇ ಓಣಿಯಲ್ಲಿದ್ದು, ಈಗ ನವನಗರದ ಬೇರೆ ಬೇರೆ ಸೆಕ್ಟರುಗಳಲ್ಲಿ ಹಂಚಿಹೋದವರು ಒಬ್ಬರನ್ನೊಬ್ಬರು ಗುರುತು ಹಿಡಿದು ಮಾತಾಡಿಸುತ್ತಿದ್ದರು. ರಂಗದ ಮೇಲೆ ಎರಡು ಕುರ್ಚಿ, ಬಾಯಾರ ಕುರ್ಚಿಯ ಎಡಕ್ಕೆ ನನಗೊಂದು ಸ್ಟೂಲು. ಅವರ ಎಡಗಿವಿ ಚುರುಕು. ಬೆಳಕು ಬಿದ್ದಾಗ ಮುಖಕ್ಕೆ ಬಿಸಿ ತಾಗಿತು. ರಂಗದ ಮೇಲಿನಿಂದ ಸಭೆ ಹೇಗೆ ಕಾಣುತ್ತದೆ ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಮೊದಲ ಮಾತು ಓದಿದೆ. ಸಪಾಟಾಗಿ, ಗಟ್ಟಿಯಾಗಿ: "ಗಾಳಿ ಬರ್ತೈತಿ, ಬಾಗಲಾ ಹಾಕು." ಸಭೆಯಲ್ಲಿ ಗುಸುಗುಸು ಆಯಿತು. ಬಾಯಾರು ಅದೇ ಮಾತನ್ನು ಆಡಿದರು. ಆ ನಾಲ್ಕು ಶಬ್ದಗಳು ನನ್ನ ಬಾಯಲ್ಲಿ ಒಣ ಕಾಗದ. ಅವರ ಬಾಯಲ್ಲಿ ಅದಕ್ಕೆ ಚಳಿ ಬಂತು, ಮುನಿಸು ಬಂತು, ಮಗನ ಮೇಲಿನ ಮಮತೆಯೂ ಬಂತು. ಗುಸುಗುಸು ಮೆಲ್ಲಗೆ ನಿಂತಿತು. ನಾನು ಓದಿದೆ, ಅವರು ಆಡಿದರು. ಕೆಲವು ಕಡೆ ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿಬಿಟ್ಟರು. ಆಗ ಬೆರಳಿನಿಂದ ಸಾಲು ಹಿಡಿದು ಹಿಂದೆ ಹಿಂದೆ ಹೋದೆ. ಗಂಡನ ಸಾವಿನ ಭಾಗವನ್ನು ಒಂದೇ ಒಂದು ಶಬ್ದಕ್ಕೂ ನನ್ನ ಕಡೆ ನೋಡದೆ ಪೂರ್ತಿ ಹೇಳಿದರು. ಸಭೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

ಕೊನೆಯ ಪುಟ ಬಂತು. ತಾಯಿ ಬರುವುದಿಲ್ಲ ಅನ್ನುವುದು ಮಗನಿಗೆ ಗೊತ್ತಾಗಿದೆ. ದೀರ್ಘ ಮೌನ. ಆಮೇಲೆ ಅವಳು, "ನೀ ಹೋಗು. ಹೋಗ್ವಾಗ ಬಾಗಲಾ ಹಾಕ್ಕೊಂಡು ಹೋಗು" ಅನ್ನಬೇಕು. ಮಗ ಎದ್ದು ಇಲ್ಲದ ಬಾಗಿಲು ಹಾಕಿ ಹೋಗಬೇಕು. ಬಾಯಾರು ಸುಮ್ಮನಾದರು. ಕಾದೆ. ಹೆಬ್ಬೆರಳು ಉಂಗುರದ ಬೆರಳಿನ ಮೇಲಿತ್ತು, ಆದರೆ ಉಜ್ಜುತ್ತಿತ್ತೋ ಇಲ್ಲವೋ ಆ ಬೆಳಕಿನಲ್ಲಿ ತಿಳಿಯಲಿಲ್ಲ. ಓದಿದೆ: "ನೀ ಹೋಗು."

ಬಾಯಾರು ನನ್ನ ಕಡೆ ತಿರುಗಿದರು.

"ಗೊತ್ತೈತ್ರಿ ಮಾಸ್ತರ. ತಡೀರಿ."

ಸಭೆ ನಗಲಿಲ್ಲ. ಅವರು ಕೈ ಚಾಚಿ ನನ್ನ ಕೈಯಲ್ಲಿದ್ದ ಪ್ರತಿಯನ್ನು ಮುಚ್ಚಿದರು, ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ನಾಟಕ ನಡೆಯುತ್ತಿರುವಾಗ ನನ್ನ ಕೈ ಖಾಲಿಯಾದದ್ದು ಅದೇ ಮೊದಲು. ಬೇಕಾದಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಕ್ಯಾಶಿಯರಿಗಲ್ಲ, ನನ್ನ ಮುಖ ನೋಡಿಯೇ ಹೇಳಿದರು.

"ನೀ ಹೋಗು. ಹೋಗ್ವಾಗ ಬಾಗಲಾ ಹಾಕ್ಕೊಂಡು ಹೋಗು."

ಯಾವತ್ತೂ ನನ್ನನ್ನು ನೀ ಅಂದವರಲ್ಲ. ಕ್ಯಾಶಿಯರ್ ಕೂತಲ್ಲೇ ಕೂತು, ತಲೆ ತಗ್ಗಿಸಿ, ಜಾಗವನ್ನು ನನಗೆ ಬಿಟ್ಟರು. ನಾನು ಎದ್ದೆ. ಸೊಂಟ ಹಿಡಿದುಕೊಂಡಿತ್ತು. ಕ್ಯಾಶಿಯರ್ ಪ್ರತಿ ಸಲ ಬಾಗಿಲು ಹಾಕುತ್ತಿದ್ದ ಜಾಗದವರೆಗೆ ನಡೆದು, ಹೊರಗೆ ದಾಟಿ, ತಿರುಗಿ, ಇಲ್ಲದ ಬಾಗಿಲನ್ನು ಎಳೆದುಕೊಂಡೆ. ಅವರೊಬ್ಬರನ್ನೇ ಒಳಗೆ ಬಿಟ್ಟು ಬಂದೆ ಅನ್ನಿಸಿ ಅಳು ಬಂತು, ತಡೆಯಲಿಲ್ಲ. ವಿಂಗಿನ ಕತ್ತಲಲ್ಲಿ ಬರಿಗೈಯಲ್ಲಿ ನಿಂತೆ. ಬೆಳಕು ಆರಿತು.

ಚಪ್ಪಾಳೆ ಬಹಳ ಹೊತ್ತು ಇತ್ತು. ಹಳೆಯ ಓಣಿಯವರು ಬಂದು ಬಾಯಾರ ಕೈ ಹಿಡಿದರು, ಅವರು ಎಲ್ಲರಿಗೂ ನಕ್ಕರು. ಜನ ಕರಗಿದ ಮೇಲೆ ಮಗಳು ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. ಬಾಯಾರು ಕುರ್ಚಿಯಿಂದ ಏಳಲಿಲ್ಲ. ಪ್ರತಿ ಇನ್ನೂ ಮಡಿಲಲ್ಲೇ ಇತ್ತು. ಖಾಲಿ ರಂಗವನ್ನು ಒಮ್ಮೆ ನೋಡಿ ನನ್ನನ್ನು ಕೇಳಿದರು.

"ಮಾಸ್ತರ, ಬಾಗಲಾ ಹಾಕಿದ್ರಿ?"

ಮಗಳು ನನ್ನ ಮುಖ ನೋಡಿದಳು. ಅದು ನಾಟಕದ ಮಾತೋ, ಕಾಯಿಲೆಯ ಮಾತೋ ನನಗೂ ತಿಳಿಯಲಿಲ್ಲ.

"ಹಾಕೇನ್ರಿ ಬಾಯಾರ."

"ಚಿಲಕ?"

"ಚಿಲಕಾನೂ ಹಾಕೇನ್ರಿ."

"ಹಂಗಾರ ಮನಿಗಿ ಹೋಗೂಣು" ಅಂದು ಅವರು ಪ್ರತಿಯನ್ನು ನನ್ನ ಕೈಗೆ ಕೊಟ್ಟು, ಮಗಳ ಹೆಗಲು ಹಿಡಿದು ಎದ್ದರು.